ಗಣಿಯ ಗಡಿ, ನೀರಿನ ಗಡಿ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಿಸದೆ ಈ ಸೀಮೆಯಲ್ಲಿ ಓಡಾಡುವುದು ಕಷ್ಟ. ಬಿ.ಎಚ್. ರಸ್ತೆ ತುಮಕೂರಿನ ಕಡೆಯಿಂದ ಬಂದು ಇಲ್ಲಿಂದ ತಿಪಟೂರಿಗೆ ಹೋಗುತ್ತದೆ. ಜೇವರ್ಗಿ–ಚಾಮರಾಜನಗರ ಹೆದ್ದಾರಿ ಅದಕ್ಕೆ ಅಡ್ಡ ಹಾಯ್ದು ಉತ್ತರಕ್ಕೆ ಚಿಕ್ಕನಾಯಕನಹಳ್ಳಿ, ಹುಳಿಯಾರು, ದಕ್ಷಿಣಕ್ಕೆ ತುರುವೇಕೆರೆ, ಮಾಯಸಂದ್ರ ಎಂದು ಹೊರಡುತ್ತದೆ. ಯಾವ ಬಸ್ಸು ಹತ್ತಿದರೂ ಕಿಟಕಿಯ ತುಂಬ ತೆಂಗೇ. ತೋಟ, ಬೇಲಿ, ತೋಟ, ನಡುವೆ ಒಂದು ರಾಗಿ ಹೊಲ, ಮತ್ತೆ ತೋಟ. ಉತ್ತರದ ಬಸ್ಸಿನಲ್ಲಿ ಕೂತವರಿಗೆ ಮಾತ್ರ ಸ್ವಲ್ಪ ಹೊತ್ತಿಗೆ ಗರಿಗಳ ಮೇಲುಗಡೆ ಒಂದು ಗುಡ್ಡಸಾಲು ಕಾಣತೊಡಗುತ್ತದೆ. ಕುರುಚಲು ಹೊದ್ದ, ಪ್ರವಾಸಿಗರು ಫೋಟೊ ತೆಗೆಯದಂಥ ಗುಡ್ಡಗಳು. ಅವುಗಳಲ್ಲಿ ಕೆಲವಕ್ಕೆ ನೆತ್ತಿಯೇ ಇಲ್ಲ. ಮೈಯನ್ನು ಕೆಂಪು ಮೆಟ್ಟಿಲುಗಳಾಗಿ ಕಡಿದಿದ್ದಾರೆ. ಪಕ್ಕದಲ್ಲಿ, ಹಿಂದೆ ಏನೂ ಇಲ್ಲದಿದ್ದ ಕಡೆ, ಹೊಸ ಗುಡ್ಡ ಎದ್ದಿದೆ. ಹಳೆಯದು ದೇವರು ಮಾಡಿದ್ದು, ಹೊಸದು ಟಿಪ್ಪರ್ ಮಾಡಿದ್ದು ಎಂದು ಪಕ್ಕದ ಸೀಟಿನ ಹಿರಿಯರು ನಾನು ಕೇಳದೆಯೇ ವಿವರಿಸಿದರು.

ಗಣಿಯ ಬಗ್ಗೆ ನಮ್ಮಲ್ಲಿ ಬರೆದದ್ದು ಬೇಕಾದಷ್ಟಿದೆ. ಲೂಟಿ, ಲಾರಿ, ಲೋಕಾಯುಕ್ತ, ರಾಜಕೀಯ. ಅದಿರು ಹೋದ ಮೇಲೆ ಉಳಿದ ನೆಲವನ್ನು ಏನು ಮಾಡುತ್ತೇವೆ ಎಂಬ ಬಗ್ಗೆ ಓದಿದ ನೆನಪು ಕಡಿಮೆ. ಕಡತಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ, ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ. ಇಲ್ಲಿನ ಜನ ‘ಆರ್ ಅಂಡ್ ಆರ್’ ಎನ್ನುತ್ತಾರೆ. ಆ ಆರ್ ಅಂಡ್ ಆರ್ ನೆಲದ ಮೇಲೆ ಹೇಗೆ ಕಾಣುತ್ತದೆ ಎಂದು ನೋಡಲು ನಾನು ಹೊರಟಿದ್ದೆ.

ಈ ಗುಡ್ಡಗಳು ಚಿತ್ರದುರ್ಗ ಶಿಸ್ಟ್ ಪಟ್ಟಿಗೆ ಸೇರಿದವು. ಗದಗದ ಕಡೆಯಿಂದ ಚಿತ್ರದುರ್ಗ, ಚಿಕ್ಕನಾಯಕನಹಳ್ಳಿಗಳನ್ನು ಹಾದು ದಕ್ಷಿಣಕ್ಕೆ ಇಳಿಯುವ, 250 ಕೋಟಿ ವರ್ಷಕ್ಕೂ ಹಿಂದಿನ ಕಲ್ಲು. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲು ಮೂರೂ ಒಂದೇ ಸಾಲಿನಲ್ಲಿ ಸಿಗುತ್ತವೆ; ಹಾಗಾಗಿ ಸಂಸ್ಥಾನದ ಕಾಲದಿಂದಲೂ ಇಲ್ಲಿ ಅಗೆಯುವವರಿಗೆ ಬರವಿರಲಿಲ್ಲ. ಆದರೆ ಕೈಗುದ್ದಲಿಯ ಕಾಲದ ಗುಂಡಿಗಳನ್ನು ಕುರುಚಲು ತಾನೇ ಮುಚ್ಚಿಕೊಂಡಿತು. ಎರಡು ಸಾವಿರದ ಇಸವಿಯಾಚೆ, ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿದಾಗ ಬಂದ ಯಂತ್ರಗಳ ಗುಂಡಿ ಹಾಗೆ ಮುಚ್ಚಿಕೊಳ್ಳುವಂಥದ್ದಲ್ಲ. ಅಂದಹಾಗೆ, ತೀ.ನಂ.ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ ತೀರ್ಥಪುರ ಇದೇ ತಾಲ್ಲೂಕಿನದು. ‘ಭಾರತೀಯ ಕಾವ್ಯಮೀಮಾಂಸೆ’ಯ ಊರಿನ ಸೀಮೆ ಎಂದು ಚಿಕ್ಕನಾಯಕನಹಳ್ಳಿಯನ್ನು ತಿಳಿದಿದ್ದ ನನ್ನಂಥವರು ಅದರ ಹೆಸರನ್ನು ಗಣಿ ಸುದ್ದಿಯಲ್ಲಿ ಓದುವಂತಾದದ್ದು ಆ ವರ್ಷಗಳಲ್ಲಿ.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಗಸ್ಟ್ 26ಕ್ಕೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳೂ ಆ ಆದೇಶದೊಳಗೆ ಬಂದವು. ಎರಡೂ ಆದೇಶ ಬಂದದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹಾಕಿದ್ದ ಅರ್ಜಿಯ ಮೇಲೆ. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಹೆಚ್ಚುಕಡಿಮೆ ಗುತ್ತಿಗೆಯ ಗಡಿಯೊಳಗೇ ಇದ್ದವು ಎ; ಅಲ್ಪಸ್ವಲ್ಪ ಗಡಿ ದಾಟಿದ್ದವು ಬಿ; ಗಡಿ ಎಂಬುದನ್ನೇ ಮರೆತಿದ್ದವು ಸಿ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಬಿ ವರ್ಗದವರು ಅಕ್ರಮವಾಗಿ ತೋಡಿದ ಪ್ರತಿ ಹೆಕ್ಟೇರಿಗೆ 5 ಕೋಟಿ, ಅಕ್ರಮವಾಗಿ ಮಣ್ಣು ಸುರಿದ ಅಥವಾ ರಸ್ತೆ ಮಾಡಿದ ಪ್ರತಿ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕಾಯಿತು. ಎಲ್ಲಕ್ಕಿಂತ ದೊಡ್ಡ ಷರತ್ತು ಬೇರೆಯೇ ಇತ್ತು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿ ಒಂದೊಂದು ಗಣಿಗೂ ಆರ್ ಅಂಡ್ ಆರ್ ಯೋಜನೆ ಬರೆಯಬೇಕು, ಅದರಂತೆ ನಡೆದುಕೊಂಡವರಿಗಷ್ಟೇ ಮತ್ತೆ ಅಗೆಯಲು ಅವಕಾಶ.

ಗಣಿ ಮುಚ್ಚುವ ಯೋಜನೆ ಆಗ ಹೊಸದಾಗಿ ಹುಟ್ಟಿದ್ದಲ್ಲ. 2003ರಿಂದಲೇ ದೇಶದ ನಿಯಮದಲ್ಲಿ ಅದಿತ್ತು. ಗಣಿಯ ಮಾಲೀಕ ಅಗೆಯುವಾಗಲೇ ಮುಚ್ಚುವ ಯೋಜನೆ ಕೊಡಬೇಕು, ಭದ್ರತೆಗೆ ಹಣ ಇಡಬೇಕು. ಆ ಹಣ ಎಷ್ಟು ಗೊತ್ತೆ? ದೊಡ್ಡ ಗಣಿಗೆ ಹೆಕ್ಟೇರಿಗೆ 25 ಸಾವಿರ ರೂಪಾಯಿ. ಆ ದುಡ್ಡಿಗೆ ಇಲ್ಲಿ ಒಂದು ತೋಟಕ್ಕೆ ನೆಟ್ಟಗೆ ಬೇಲಿ ಹಾಕಿಸಲೂ ಆಗುವುದಿಲ್ಲ. ಒಂದು ಹೆಕ್ಟೇರ್ ಗುಡ್ಡ ಸರಿಮಾಡಬಹುದೆಂದು ಲೆಕ್ಕ ಹಾಕಿದವರು ಯಾವ ಗುಡ್ಡವನ್ನೂ ಹತ್ತಿದವರಿರಲಾರರು. 2017ರ ನಿಯಮ ಅದನ್ನು 3 ಲಕ್ಷಕ್ಕೆ ಏರಿಸಿತು.

ಮೇಲ್ಮೈ ಗಣಿಗಾರಿಕೆಯ ಪುನಶ್ಚೇತನ ಎಂದೊಡನೆ ಪುಸ್ತಕಗಳು ಅಮೆರಿಕದ 1977ರ ಕಾಯ್ದೆಯನ್ನು ಹೇಳುತ್ತವೆ. ಕಲ್ಲಿದ್ದಲು ತೆಗೆದ ನೆಲವನ್ನು ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೇ ತರಬೇಕು ಎಂಬುದು ಅದರ ಮುಖ್ಯ ಮಾತು. ಕಲ್ಲಿದ್ದಲು ಪದರವಾಗಿ ಕೂತಿರುತ್ತದೆ. ಮೇಲಿನ ಮಣ್ಣು ಸರಿಸಿ, ಪದರ ತೆಗೆದು, ಮಣ್ಣನ್ನು ಮತ್ತೆ ಹಾಸಬಹುದು. ಚಿಕ್ಕನಾಯಕನಹಳ್ಳಿಯಲ್ಲಿ ಗುಡ್ಡವೇ ಸರಕು. ನೆತ್ತಿ ಹಡಗು ಹತ್ತಿ ಹೋಗಿದೆ. ಮೊದಲಿನ ಆಕಾರ ತರಲು ಯಾರಿಂದಲೂ ಆಗದು. ಹಾಗಿದ್ದರೆ ಇಲ್ಲಿ ಸರಿಮಾಡುವುದು ಎಂದರೆ ಯಾವುದನ್ನು?

ಈ ಪ್ರಶ್ನೆ ಇಟ್ಟುಕೊಂಡೇ ಒಂದು ಗಣಿಯ ಡಂಪು ಹತ್ತಿದೆ. ಜೊತೆಗಿದ್ದದ್ದು ಅಲ್ಲಿ ಕೆಲಸ ಮಾಡುವ ಹುಡುಗ, ಗಣಿ ಎಂಜಿನಿಯರು, ಹಾಸನದ ಕಡೆಯವನು. ಡಂಪು ಎಂದರೆ ಅದಿರಲ್ಲದ ಕಲ್ಲುಮಣ್ಣು ತಂದು ಸುರಿದ ರಾಶಿ. ಸುರಿದು ಬಿಟ್ಟರೆ ಅದು ತನಗೆ ತೋಚಿದ ಇಳಿಜಾರಿನಲ್ಲಿ ನಿಲ್ಲುತ್ತದೆ, ಕಡಿದಾಗಿ. ಮುಂಗಾರಿನ ಮೊದಲ ಜೋರು ಮಳೆಗೆ ಜಾರಿ ಹಳ್ಳಕ್ಕೆ ಬರುತ್ತದೆ. ಅದಕ್ಕೇ ಯೋಜನೆಯಲ್ಲಿ ಒಟ್ಟು ಇಳಿಜಾರು 28 ಡಿಗ್ರಿ ಮೀರಬಾರದು ಎಂದು ಬರೆದಿರುತ್ತಾರೆ. ರಾಶಿಯನ್ನು ಅಟ್ಟಣಿಗೆಗಳಾಗಿ ಕಡಿಯಬೇಕು. ಒಂದೊಂದು ಅಟ್ಟಣಿಗೆಯೂ ಹೊರಕ್ಕಲ್ಲ, ಒಳಕ್ಕೆ ವಾಲಿರಬೇಕು, ಮಳೆನೀರು ಅಂಚಿನಿಂದ ಧುಮುಕದೆ ಹಿಂದಕ್ಕೆ ಹರಿದು ಕಾಲುವೆ ಸೇರಲಿ ಎಂದು. ಬುಡದಲ್ಲಿ ಕಲ್ಲಿನ ತಡೆಗೋಡೆ. ಅದರಾಚೆ ಗುಡ್ಡವನ್ನು ಸುತ್ತುವ ಕಾಲುವೆ. ಕಾಲುವೆಯ ಕೊನೆಗೆ ಗೋಡು ತಂಗುವ ಗುಂಡಿ. ಅಲ್ಲಿಂದಾಚೆ ಹಳ್ಳದುದ್ದಕ್ಕೂ ಚೆಕ್ ಡ್ಯಾಮು.

ಹುಡುಗ ಹೇಳುತ್ತ ಹೋದ. ಪಾಠ ಒಪ್ಪಿಸುವವನ ಹಾಗಿರಲಿಲ್ಲ ಅವನು. ಎರಡನೇ ಅಟ್ಟಣಿಗೆಯಲ್ಲಿ ನಿಂತು, “ಇದು ಹೋದ ವರ್ಷ ಕಿತ್ಕೊಂಡು ಹೋಗಿತ್ತು ಸಾರ್. ನಾವು ಹೊರಗಡೆ ವಾಲಿಸಿಬಿಟ್ಟಿದ್ವಿ, ಒಂದೇ ಒಂದು ಕಡೆ. ನೀರು ಅದನ್ನೇ ಹುಡುಕ್ಕೊಂಡು ಬಂತು” ಎಂದ. ಕಾಲ ಬಳಿ ಇಳಿಜಾರಿಗೆ ಹಾಸಿದ ನಾರಿನ ಬಲೆಯಿತ್ತು. ಬೆರಳು ತೂರುವಷ್ಟು ಅಗಲದ ಕಣ್ಣು, ಕಂದು ಬಣ್ಣದ ಹುರಿ, ಕೊಕ್ಕೆಯಂತೆ ಬಗ್ಗಿಸಿದ ಕಬ್ಬಿಣದ ಗೂಟ ಹೊಡೆದು ನೆಲಕ್ಕೆ ಕಚ್ಚಿಸಿದ್ದಾರೆ. ಕೂತು ನೋಡಿದೆ. ಹುರಿಯ ಮೇಲ್ಮಗ್ಗುಲಲ್ಲಿ ಕೆಂಪು ಗೋಡು ಒಂದು ಬೆರಳು ದಪ್ಪ ಬಂದು ನಿಂತಿದೆ. ಆ ಗೋಡಿನಲ್ಲಿ ಹುಲ್ಲು ಹುಟ್ಟಿದೆ. ಎರಡು ಹುರಿಗಳ ನಡುವಿನ ಕಣ್ಣಿನಲ್ಲಿ ಮಾತ್ರ ಏನೂ ಇಲ್ಲ, ಬರೀ ಮೊರಂಬು. ಇಡೀ ಇಳಿಜಾರು ಹೀಗೆ ಹುರಿಯ ಗೆರೆಗೆ ಸರಿಯಾಗಿ ಹಸಿರು ಗೆರೆ ಎಳೆದಂತಿತ್ತು. ಒಂದು ಕಡೆ ಹುರಿ ಆಗಲೇ ಲಡ್ಡಾಗಿ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಅಲ್ಲಿ ತುಗ್ಗಲಿಯ ಮೊಳಕೆಯೊಂದು, ಅಂಗುಲದಷ್ಟು ಉದ್ದ, ಯಾರೂ ನೆಡದೆ ಬಂದು ಕೂತಿತ್ತು.

“ಇದು ಎಲ್ಲಿಂದ ತರಿಸ್ತೀರಿ?” ಎಂದೆ.

“ಕೇರಳದ್ದು ಸಾರ್, ಆಲಪ್ಪುಳ.”

ಡಂಪಿನ ಮೇಲಿಂದ ನೋಡಿದರೆ ಮೂರು ದಿಕ್ಕಿಗೂ ದಿಗಂತದವರೆಗೆ ತೆಂಗು. ನಾನು ನಕ್ಕೆ. ಅವನಿಗೂ ಅರ್ಥವಾಗಿ ನಕ್ಕ.

ಮರುದಿನ ತಿಪಟೂರಿನ ಹೊರವಲಯದ ನಾರಿನ ಫ್ಯಾಕ್ಟರಿಯೊಂದಕ್ಕೆ ಹೋಗಿದ್ದು ಆ ನಗೆಯ ಬೆನ್ನು ಹತ್ತಿ. ತಿಪಟೂರು ಉಂಡೆ ಕೊಬ್ಬರಿಯ ಊರು. ಕಾಯನ್ನು ಹಸಿಯಾಗಿ ಒಡೆಯುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗೆ ನೀರೆಲ್ಲ ಇಂಗಿ ಕೊಬ್ಬರಿ ಲೊಟಲೊಟ ಎಂದಮೇಲೆ ಸುಲಿಯುತ್ತಾರೆ. ಹಾಗಾಗಿ ಇಲ್ಲಿನ ಮಟ್ಟೆ ಒಣಮಟ್ಟೆ. ಕೇರಳದವರು ಹಸಿಮಟ್ಟೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ ತೆಗೆಯುವ ಬಿಳಿ ನಾರು ಇದರಿಂದ ಬಾರದು. ಯಂತ್ರಕ್ಕೆ ಕೊಟ್ಟು ಬಡಿದರೆ ಒರಟಾದ ಕಂದು ನಾರು ಬರುತ್ತದೆ. ನಾರಿನ ಭೂವಸ್ತ್ರ ಎಂದು ಈಗ ಸರ್ಕಾರಿ ಭಾಷೆಯಲ್ಲಿ ಕರೆಯುವ ಬಲೆಯನ್ನು ಚದರ ಮೀಟರಿಗೆ 400, 700, 900 ಗ್ರಾಂ ಎಂದು ತೂಕದ ಮೇಲೆ ವಿಂಗಡಿಸಿ ನೇಯುತ್ತಾರೆ. ನಾರಿನಲ್ಲಿ ಲಿಗ್ನಿನ್ ಹೆಚ್ಚು. ಸೆಣಬು ಒಂದೆರಡು ಮಳೆಗಾಲಕ್ಕೆ ಕರಗಿದರೆ ಇದು ಎರಡು ಮೂರು ವರ್ಷ ತಡೆಯುತ್ತದೆ. ಅಷ್ಟರಲ್ಲಿ ಹುಲ್ಲಿನ ಬೇರು ಹಿಡಿಯಬೇಕು. ಹಿಡಿಯಿತೆಂದರೆ ಬಲೆಯ ಕೆಲಸ ಮುಗಿಯಿತು, ಅದೇ ಗೊಬ್ಬರವಾಗುತ್ತದೆ.

ಫ್ಯಾಕ್ಟರಿಯ ಅಂಗಳದಲ್ಲಿ ನಾರಿಗಿಂತ ಎತ್ತರಕ್ಕೆ ಬಿದ್ದಿದ್ದದ್ದು ಪುಡಿ. ಮಟ್ಟೆ ಬಡಿದಾಗ ನಾರಿಗಿಂತ ಇದೇ ಜಾಸ್ತಿ ಬರುತ್ತದೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುವ ಪದಾರ್ಥ. ತೊಳೆದು, ಒತ್ತಿ, ಇಟ್ಟಿಗೆ ಮಾಡಿ ಹೊರದೇಶದ ಹಸಿರುಮನೆಗಳಿಗೆ ಕಳಿಸುತ್ತಾರೆ. ಒಂದು ಹನಿ ನೀರು ನಿಲ್ಲದ ಡಂಪು ಇಲ್ಲಿಂದ ಬಸ್ಸಿನ ದಾರಿಯಷ್ಟೇ ದೂರ. ಮಾಲೀಕರಿಗೆ ಇದನ್ನು ಹೇಳಿದೆ. “ಅವರು ಟೆಂಡರ್ ಕರೀಬೇಕಲ್ಲ ಸ್ವಾಮಿ, ನಾವಾಗೇ ಹೋಗಿ ಗುಡ್ಡಕ್ಕೆ ಸುರಿಯೋಕಾಗ್ತದ?” ಎಂದರು. ವ್ಯಾಪಾರಸ್ಥರ ಉತ್ತರ. ತಪ್ಪಲ್ಲ.

ಆದರೆ ಮಟ್ಟೆಯ ವಿದ್ಯೆಯನ್ನು ನಿಜವಾಗಿ ಕಂಡದ್ದು ತೋಟದಲ್ಲಿ. ಚಿಕ್ಕನಾಯಕನಹಳ್ಳಿಯ ಗುಡ್ಡದ ಬುಡದ ಊರೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಎರಡು ಸಾಲು ಮರಗಳ ನಡುವೆ ಟ್ರೆಂಚು ತೆಗೆದು ಮಟ್ಟೆ ಹೂಳುತ್ತಿದ್ದರು. ಆಕೆ ಒಂದೊಂದು ಮಟ್ಟೆಯನ್ನೂ ತಿರುಗಿಸಿ ಹೊಂಡವಿರುವ ಮಗ್ಗುಲು ಮೇಲಕ್ಕೆ ಬರುವಂತೆ, ಅಂಗಾತ ಜೋಡಿಸುತ್ತಿದ್ದರು. ಯಾರೋ ಬೋರಲು ಎಸೆದಿದ್ದನ್ನು ಬಗ್ಗಿ ಎತ್ತಿ ಸರಿಮಾಡಿದರು. ಒಂದು ಸಾಲು ಮಟ್ಟೆ, ಮೇಲೆ ತೆಳ್ಳಗೆ ಮಣ್ಣು, ಮತ್ತೆ ಮಟ್ಟೆ. ಮಳೆ ಬಂದಾಗ ಒಂದೊಂದೂ ತನ್ನ ಪಾಲಿನ ನೀರು ಹಿಡಿದುಕೊಂಡು, ಬೇಸಿಗೆಯಲ್ಲಿ ಮೆಲ್ಲಗೆ ಬಿಟ್ಟುಕೊಡುತ್ತದೆ. ಈ ತಾಲ್ಲೂಕಿನ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ತೆಂಗಿಗೆ ಸಾಲದು, ಹತ್ತಿರಕ್ಕೂ ಸಾಲದು. ತೆಂಗಿಗೆ ತಾಯಿಬೇರಿಲ್ಲ, ಬೇರುಗಳೆಲ್ಲ ಮೇಲಿನ ನಾಲ್ಕೈದು ಅಡಿಯಲ್ಲೇ ಹರಡಿಕೊಂಡಿರುತ್ತವೆ. ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 50 ಲೀಟರಿನಷ್ಟು ನೀರು ಬೇಕು ಎನ್ನುತ್ತಾರೆ ಕೃಷಿ ಇಲಾಖೆಯವರು. ಅಂದರೆ ಈ ಸೀಮೆಯ ತೆಂಗು ಮಳೆಯಿಂದ ಬದುಕಿದ್ದಲ್ಲ. ಗುಡ್ಡ, ಹಳ್ಳ, ಕೆರೆ, ಕೆರೆಯ ಕೆಳಗಿನ ಜೌಗು, ಇವುಗಳಿಂದ ಬದುಕಿದ್ದು. ಆಮೇಲೆ ಬೋರ್‌ವೆಲ್ಲು ಬಂತು, ಅದು ಆಳಕ್ಕೆ ಹೋಯಿತು. ಕಳೆದ ದಶಕದ ಬರದಲ್ಲಿ ತಲೆ ಕಳಚಿ ಬಿದ್ದ ಮರಗಳ ಬೊಡ್ಡೆ ಈಗಲೂ ಅಲ್ಲಲ್ಲಿ ನಿಂತಿವೆ.

ಗಣಿ ನಡೆಯುತ್ತಿದ್ದ ಜೋರಿನ ದಿನಗಳಲ್ಲಿ ಗರಿಯ ಮೇಲೆ ಕೂತ ಕೆಂಪು ದೂಳಿನ ಕತೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಹೊಂಬಾಳೆ ಬಿಚ್ಚುವ ಹೊತ್ತಿಗೆ ದೂಳು ಕೂತು ಕಾಯಿ ಕಚ್ಚಲಿಲ್ಲ, ಸೊಪ್ಪು ತಿಂದ ದನಕ್ಕೆ ಉಸಿರು ಕಟ್ಟಿತು, ಮಕ್ಕಳಿಗೆ ಕೆಮ್ಮು. ದೂಳು ಮಳೆಗೆ ತೊಳೆದು ಹೋಗುತ್ತದೆ. ತೊಳೆದದ್ದು ಎಲ್ಲಿಗೆ ಹೋಯಿತು ಎಂಬುದನ್ನು ತೋರಿಸಿದವರು ಆ ಊರಿನ ನೀರುಗಂಟಿ. ಈಗ ಕೆರೆಗೆ ತೂಬು ಎತ್ತುವ ಕೆಲಸವೇ ಅಪರೂಪ, ಆದರೂ ಊರು ಅವರನ್ನು ನೀರುಗಂಟಿ ಎಂದೇ ಕರೆಯುತ್ತದೆ. ಏರಿಯ ಮೇಲೆ ನಡೆಸಿಕೊಂಡು ಹೋಗಿ ಅಂಗಳದಲ್ಲಿ ಹಳ್ಳ ಬಂದು ಸೇರುವ ಬಾಯಿಯನ್ನು ತೋರಿಸಿದರು. ಅಲ್ಲಿ ಹಾರೆಯಿಂದ ಒಂದು ಮೊಳ ತೋಡಿದರು. ಮೇಲೆ ಅಂಗೈ ಅಗಲದಷ್ಟು ಕರಿಗೋಡು, ಕೆಳಗೆ ಕಬ್ಬಿಣದ ಮಿನುಗಿರುವ ಕೆಂಪು, ಅದರ ಕೆಳಗೆ ಮತ್ತೆ ಕರಿ.

“ಈ ಕೆಂಪು ಐತಲ್ಲ ಸಾ, ಇದು ಗಣಿ ಕಾಲ. ಮೇಗಲ ಕರಿದು ಗಣಿ ನಿಂತ ಮ್ಯಾಲಿನದು.”

ಭೂಗರ್ಭದವರು ಕೋಟಿ ವರ್ಷಗಳನ್ನು ಓದುವ ರೀತಿಯಲ್ಲಿ ಅವರು ಇಪ್ಪತ್ತು ವರ್ಷವನ್ನು ಓದಿದರು. ಹಿಂದೆ ಈ ಗೋಡನ್ನು ಗಾಡಿ ಗಾಡಿ ತೋಟಕ್ಕೆ ಹೊಡೆಯುತ್ತಿದ್ದರಂತೆ. ಕೆಂಪು ಬಂದ ಮೇಲೆ ಬಿಟ್ಟರು. ಆ ಮಣ್ಣು ಒಣಗಿದರೆ ಹೆಂಚಿನಂತೆ ಬಿಗಿಯುತ್ತದೆ, ನೀರು ಇಂಗುವುದಿಲ್ಲ. ಕೆರೆಯ ತಳದಲ್ಲೂ ಅದೇ ಬಿಗಿತ, ಹಾಗಾಗಿ ತುಂಬಿದ ವರ್ಷವೂ ಕೆಳಗಿನ ಬಾವಿಗಳಿಗೆ ಮೊದಲಿನ ಹಾಗೆ ಊಟೆ ಬರುವುದಿಲ್ಲ ಎನ್ನುತ್ತಾರೆ. ನನ್ನ ಕೈಯಲ್ಲಿ ಗಣಿಯಲ್ಲಿ ಕೊಟ್ಟಿದ್ದ ಆರ್ ಅಂಡ್ ಆರ್ ನಕ್ಷೆಯ ಜೆರಾಕ್ಸ್ ಪ್ರತಿ ಇತ್ತು. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಗುತ್ತಿಗೆಯ ಗಡಿ ದಪ್ಪ ಗೆರೆಯಲ್ಲಿದೆ. ಡಂಪು, ಗುಂಡಿ, ತಡೆಗೋಡೆ, ಕಾಲುವೆ, ಹಳ್ಳದ ಒಂದಷ್ಟು ದೂರದವರೆಗೆ ಚೆಕ್ ಡ್ಯಾಮು ಎಲ್ಲವೂ ಇವೆ.

“ನಮ್ ಕೆರೆ ಎಲ್ಲಿ?”

ಕೆರೆ ಹಾಳೆಯ ಆಚೆಗಿತ್ತು.

ಆ ಎರಡು ದಿನದ ಓಡಾಟದಲ್ಲಿ ನನಗೆ ಅನ್ನಿಸಿದ್ದನ್ನೆಲ್ಲ ಆ ಜೆರಾಕ್ಸೇ ಹೇಳುತ್ತದೆ. ಕೋರ್ಟಿನ ಮುಂದೆ ಇದ್ದದ್ದು ಗಡಿಯ ವ್ಯಾಜ್ಯ: ಯಾರು ಎಷ್ಟು ಒತ್ತುವರಿ ಮಾಡಿದರು, ಎಷ್ಟು ಹೆಕ್ಟೇರು, ಎಷ್ಟು ದಂಡ. ಹಾಗಾಗಿ ಪರಿಹಾರದ ಯೋಜನೆಯೂ ಗಡಿಯನ್ನೇ ಹಿಡಿದು ಬರೆಯಲ್ಪಟ್ಟಿತು, ಒಂದೊಂದು ಗುತ್ತಿಗೆಗೆ ಒಂದೊಂದು ಪುಸ್ತಕ. ಆ ಪುಸ್ತಕಗಳು ಚೆನ್ನಾಗಿವೆ. ಅವು ಬಂದ ಮೇಲೆ ಡಂಪುಗಳ ಮೈ ನಿಂತಿದೆ, ಹಳ್ಳಗಳ ಬಣ್ಣ ತಿಳಿಯಾಗಿದೆ. ನೀರುಗಂಟಿ ತೋರಿಸಿದ ಮೇಲ್ಪದರದ ಕರಿಗೋಡು ಅದಕ್ಕೆ ಸಾಕ್ಷಿ. ಆದರೆ ಒಂದೇ ಹಳ್ಳಕ್ಕೆ ಸುರಿಯುವ ಮೂರು ಗುತ್ತಿಗೆಗಳ ಮೂರು ಯೋಜನೆಗಳು ಒಂದನ್ನೊಂದು ಮಾತಾಡಿಸುವುದಿಲ್ಲ. ರದ್ದಾದ ಸಿ ವರ್ಗದ ಗಣಿ ನಡುವೆ ಇದ್ದರಂತೂ ಅದು ತಬ್ಬಲಿ. ಮೇಲಿನವರು ಕಟ್ಟಿದ ಚೆಕ್ ಡ್ಯಾಮಿನ ಕೆಳಗೆ ಅದರ ಮಣ್ಣು ಬಂದು ಸೇರುತ್ತದೆ. ಗುಡ್ಡದಿಂದ ಈ ಸೀಮೆಗೆ ಬರುತ್ತಿದ್ದದ್ದು ನೀರು. ಅದನ್ನು ಹಿಂದಕ್ಕೆ ಕೊಡುವುದೇ ಪುನಶ್ಚೇತನವಾದರೆ ಯೋಜನೆ ಶುರುವಾಗಬೇಕಾದ್ದು ಕೆರೆಯ ತೂಬಿನಿಂದ, ಹಳ್ಳದುದ್ದಕ್ಕೂ ಮೇಲಕ್ಕೆ ಹತ್ತುತ್ತ. ಎಷ್ಟು ಗಿಡ ನೆಟ್ಟರು ಎಂಬ ಲೆಕ್ಕಕ್ಕೆ ಮುಂಚೆ ಎಷ್ಟು ಬಾವಿಯಲ್ಲಿ ನೀರು ಏರಿತು ಎಂಬ ಲೆಕ್ಕ ಬರಬೇಕು.

ಗಿಡದ ವಿಷಯಕ್ಕೆ ಬಂದರೆ ನನಗೆ ಇನ್ನೊಂದು ತಕರಾರಿದೆ. ಗುಡ್ಡ ಎಂದರೆ ಕಾಡು, ಕಾಡು ಎಂದರೆ ಮರ ಎಂದು ಕಚೇರಿಗಳು ನಂಬಿವೆ. ಡಂಪುಗಳ ಮೇಲೆ ಕಂಡದ್ದು ಬಹುಪಾಲು ಸಾಲು ಹಿಡಿದ ಅಕೇಶಿಯ, ಗ್ಲಿರಿಸಿಡಿಯ, ಹೊಂಗೆ. ಹೊಂಗೆ ಸರಿ. ಆದರೆ ಈ ಗುಡ್ಡಗಳ ಮೂಲ ಹೊದಿಕೆ ಹುಲ್ಲು ಮತ್ತು ಕುರುಚಲು: ತುಗ್ಗಲಿ, ಬಂದರೆ, ತಂಗಡಿ, ಕಾರೆ, ನಡುನಡುವೆ ಬಾದೆ ಹುಲ್ಲು. ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಇಂಥದೇ ಕುರುಚಲನ್ನು 2019ರಲ್ಲಿ ಚಿಂಕಾರ ವನ್ಯಜೀವಿಧಾಮ ಎಂದು ಘೋಷಿಸಿದರು. ಚಿಂಕಾರಕ್ಕೆ ಬೇಕಾದ್ದು ದಟ್ಟ ಕಾಡಲ್ಲ, ಬಯಲು. 2020ರ ಜನವರಿ 8ರಂದು ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ, ಗಣಿ ಮುಗಿದ ನೆಲದಲ್ಲಿ ಹುಲ್ಲು ಬೆಳೆಸಬೇಕು, ಅದು ಮೇವಿಗೂ ಕಾಡುಜೀವಿಗಳಿಗೂ ಯೋಗ್ಯವಾಗಬೇಕು, ಅದನ್ನು ಗುತ್ತಿಗೆಯ ಷರತ್ತಾಗಿಯೇ ಬರೆಯಬೇಕು ಎಂದಿತು. ಹುಲ್ಲು ಎಂಬ ಮಾತು ಅಷ್ಟು ದೊಡ್ಡ ಕೋರ್ಟಿನ ಬಾಯಲ್ಲಿ ಬಂದದ್ದು ನನಗೆ ಖುಷಿ ಕೊಟ್ಟಿತ್ತು.

ಗೊಲ್ಲರಹಟ್ಟಿಯ ಕುರಿಗಾಹಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು ಖುಷಿಪಡಲಿಲ್ಲ. “ಹುಲ್ಲು ಬೆಳಸ್ತಾರೆ, ಬೇಲಿ ಹಾಕ್ತಾರೆ, ವಾಚ್‌ಮನ್ ಮಡಗ್ತಾರೆ. ನಮ್ ಕುರೀಗೆ ಏನಣ್ಣ ಬಂತು?” ಎಂದರು. ಅದಕ್ಕೂ ಯೋಜನೆಯಲ್ಲಿ ಉತ್ತರವಿರಬೇಕಿತ್ತು. ಮೂರು ವರ್ಷ ಬೇಲಿ, ಆಮೇಲೆ ಯಾರಿಗೆ, ಯಾವ ತಿಂಗಳು, ಎಷ್ಟು ಕುರಿ ಎಂದು. ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು ವಾಪಸು ಹಾಸಬೇಕೆಂಬ ನಿಯಮ ಹಳೆಯದು. ಆ ಒಂದು ಗೇಣು ಮಣ್ಣಿನಲ್ಲೇ ಈ ಹುಲ್ಲುಗಳ ಬೀಜವೆಲ್ಲ ಇದ್ದದ್ದು. ಅದನ್ನು ವರ್ಷಗಟ್ಟಲೆ ರಾಶಿ ಹಾಕಿಟ್ಟರೆ ಒಳಗಿನದು ಸಾಯುತ್ತದೆ. ಎರಡು ಸಾವಿರದ ದಶಕದ ಅವಸರದಲ್ಲಿ ಅದನ್ನು ತೆಗೆದಿಟ್ಟವರೇ ಕಡಿಮೆ. ಈಗ ಬೀಜ ಬೇಕೆಂದರೆ ಇಲ್ಲಿನ ಕುರಿಗಾಹಿಗಳನ್ನು ಕೇಳಬೇಕು, ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಏನು ಉಳಿದಿದೆ ಎಂದು. ನರ್ಸರಿಯಲ್ಲಿ ಸಿಗುವ ಸರಕಲ್ಲ ಅದು.

ತುರುವೇಕೆರೆಗೆ ಹೋಗುವ ದಾರಿಯಲ್ಲಿ ಅಮ್ಮಸಂದ್ರಕ್ಕೆ ಸುತ್ತು ಹಾಕಿದೆ. 1958ರಲ್ಲಿ ಹುಟ್ಟಿದ ಮೈಸೂರು ಸಿಮೆಂಟ್ಸ್ ಇಲ್ಲಿನದು. 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕಂಪನಿಯ ಪಾಲಾಯಿತು. ಚಿಕ್ಕನಾಯಕನಹಳ್ಳಿ ಕಡೆಯ ಸುಣ್ಣಕಲ್ಲನ್ನು ನಂಬಿ ಕಟ್ಟಿದ ಕಾರ್ಖಾನೆ. ಈಗ ಅಲ್ಲಿ ಕಲ್ಲು ಸುಡುವುದಿಲ್ಲ, ಬೇರೆಡೆಯಿಂದ ಬಂದ ಕ್ಲಿಂಕರ್ ಅರೆಯುತ್ತಾರೆ. ಗಣಿ ಮುಗಿಯುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ತುರುವೇಕೆರೆಯಲ್ಲಿ ಗಂಗಾಧರೇಶ್ವರನ ಎದುರಿನ ಕರಿಯ ನಂದಿಯನ್ನು ನೋಡಿದೆ, ಮೈ ಸವರಿದರೆ ಬೆರಳು ಜಾರುವ ನುಣುಪು. ಊರ ಹತ್ತಿರದ ಕರೇಕಲ್ಲು ಗುಡ್ಡದ ಕಲ್ಲೇ ಶ್ರೀರಂಗಪಟ್ಟಣದ ಗುಂಬಜಿನ ಕರಿಕಂಬಗಳಿಗೆ ಹೋಯಿತೆಂಬುದು ಹಳೆಯ ಗೆಜೆಟಿಯರಿನ ಮಾತು. ಗುಡ್ಡ ಕಡಿಯುವುದು ಈ ಸೀಮೆಗೆ ಹೊಸದಲ್ಲ, ಕಡಿದ ಪ್ರಮಾಣ ಹೊಸದು.

ಪ್ರಮಾಣ ಇನ್ನೂ ಏರುತ್ತಿದೆ. 2013ರ ತೀರ್ಪಿನ ಕಾಲಕ್ಕೆ ಚಿತ್ರದುರ್ಗ, ತುಮಕೂರು ಎರಡೂ ಸೇರಿ ವರ್ಷಕ್ಕೆ 50 ಲಕ್ಷ ಟನ್ನಿನ ಮಿತಿ ಇತ್ತು. 2017ರಲ್ಲಿ ಅದು 70 ಲಕ್ಷವಾಯಿತು. 2022ರ ಆಗಸ್ಟಿನಲ್ಲಿ ಒಂದೂವರೆ ಕೋಟಿ. ದುಡ್ಡೂ ಕಡಿಮೆಯಿಲ್ಲ. ಗಣಿ ಬಾಧಿತ ಪ್ರದೇಶಕ್ಕೆಂದೇ 2014ರಲ್ಲಿ ರಾಜ್ಯ ಒಂದು ನಿಗಮ ಕಟ್ಟಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ಕೂರಿಸಿ ಹಣ ಬಿಡಲು ದಾರಿ ಮಾಡಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸೇರಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ. ಶಾಲೆ, ಆಸ್ಪತ್ರೆ, ರಸ್ತೆ, ಕುಡಿಯುವ ನೀರು ಎಲ್ಲವೂ ಅದರಲ್ಲಿದೆ. ಯಾವುದೂ ಬೇಡವೆನ್ನುವಂಥದ್ದಲ್ಲ. ಕಟ್ಟಡಕ್ಕೆ ಹಣ ಹಾಕುವುದು ಸುಲಭ, ಉದ್ಘಾಟನೆಯ ಕಲ್ಲಿಗೆ ಜಾಗವಿರುತ್ತದೆ. ಚೆಕ್ ಡ್ಯಾಮಿನ ಗೋಡನ್ನು ಪ್ರತಿ ವರ್ಷ ಎತ್ತಲು ಯಾರೂ ಕಲ್ಲು ಹಾಕಿಸುವುದಿಲ್ಲ.

ಸಂಜೆ ಚಿಕ್ಕನಾಯಕನಹಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ ಗುಂಡಿಯ ಮಾತು ಬಂತು. ಒಂದು ಗಣಿಯ ಗುಂಡಿಯಲ್ಲಿ ಮಳೆನೀರು ನಿಂತು ದೊಡ್ಡ ಹೊಂಡವಾಗಿದೆ. ಯೋಜನೆಯ ಪ್ರಕಾರ ಒಂದಷ್ಟು ಭಾಗ ಡಂಪಿನ ಮಣ್ಣಿನಿಂದ ತುಂಬಬೇಕು, ಉಳಿದದ್ದಕ್ಕೆ ಬೇಲಿ ಹಾಕಿ ನೀರಿಗೆ ಬಿಡಬೇಕು. ಗುಡ್ಡದ ಕೆಳಗಿನ ತೋಟದವರೊಬ್ಬರು, “ತುಂಬಬಾರದು. ಆ ನೀರಿಂದ್ಲೇ ನಮ್ ಬೋರು ನಿಂತಿರೋದು” ಎಂದರು.

“ನಿಮ್ ಬೋರಿಗೆ ನೀರು, ನಮ್ ಹುಡುಗ್ರು ಈಜೋಕೆ ಹೋಗಿ ಸಾಯೋದು” ಎಂದರು ಪಕ್ಕದ ಊರಿನವರು. “ಮಣ್ಣು ಹೊಡೆದು ಮುಚ್ಚಿ ಅಂತ ಪಂಚಾಯ್ತಿಲಿ ಬರೆದುಕೊಟ್ಟಿದ್ದೀವಿ.”

“ಮುಚ್ಚಿದ್ರೆ ಡಂಪ್ ಕರಗ್ತದೆ, ಹಳ್ಳಕ್ಕೆ ಮಣ್ಣು ಬರೋದು ನಿಲ್ತದೆ” ಎಂದು ಮೂರನೆಯವರು ಸೇರಿಕೊಂಡರು. ಅವರ ತೋಟ ಕೆರೆಯ ಕೆಳಗೆ.

ಮೂವರ ಮಾತೂ ಸರಿಯಾಗಿತ್ತು. ಬೋರಿಗೆ ಆ ಹೊಂಡದಿಂದ ನಿಜಕ್ಕೂ ನೀರು ಹೋಗುತ್ತದೆಯೇ ಎಂದು ಅಳೆದವರುಂಟೇ ಎಂದು ಕೇಳಿದೆ. ಇಲ್ಲವಂತೆ. ಅಳೆಯುವುದು ಕಷ್ಟದ ಕೆಲಸವೇನಲ್ಲ; ಹೊಂಡದಲ್ಲೊಂದು, ಹತ್ತು ಬೋರುಗಳಲ್ಲೊಂದೊಂದು ಗುರುತು ಇಟ್ಟು ಎರಡು ವರ್ಷ ಬರೆದಿಟ್ಟರೆ ಗೊತ್ತಾಗುತ್ತದೆ. ಹಾಗೆಂದೆ. “ಬರೆದಿಡೋಣ ಬಿಡಿ, ಅದಕ್ಕೇನು” ಎಂದರು ತೋಟದವರು. “ಆದ್ರೆ ನಮ್ ಬೋರಿನ ಲೆಕ್ಕ ಅವರು ಬರೀಬಾರ್ದು, ಅವರ ಲೆಕ್ಕ ನಾವ್ ಬರೀಬೇಕು.” ಯಾರು ಯಾರ ಬೋರಿನ ಲೆಕ್ಕ ಬರೆಯಬೇಕು ಎಂಬುದರ ಮೇಲೆ ಮತ್ತೆ ಜೋರಾಗಿ ಚರ್ಚೆ ಹತ್ತಿತು. ಅಷ್ಟರಲ್ಲಿ ಹುಳಿಯಾರಿನಿಂದ ಬಂದ ಬಸ್ಸಿನ ಕಂಡಕ್ಟರು ಕೆ.ಬಿ. ಕ್ರಾಸ್, ತುಮಕೂರು ಎಂದು ಕೂಗತೊಡಗಿದ್ದ. ನಾನು ಹತ್ತಿದೆ, ಅವರು ಇನ್ನೊಂದು ಸುತ್ತು ಟೀ ಹೇಳಿದರು.